ಬಾಳೆ ಬೇರೆ, ತೆಂಗು ಬೇರೆ

ಹಾಕಿ ಅಂದ ತಕ್ಷಣ ನಮಗೆ ನೆನಪಾಗೋದು ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕುಟುಂಬಗಳ ಹಾಕಿ ಹಬ್ಬ ನೆನಪಾಗುತ್ತೆ. ಆದರೆ ಇವತ್ತಿನ ಮಾತು ಆ ಹಾಕಿಯದ್ದಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡೋ ಐಸ್ ಹಾಕಿಯದ್ದು. ಅಮೆರಿಕ, ಕೆನಡಾದ 32 ತಂಡಗಳು ಒಂದೊಂದು ಸೀಸನ್‌ಗೆ 82 ಪಂದ್ಯ ಆಡೋ ಎನ್‌ಎಚ್‌ಎಲ್‌ನದ್ದು.

ಇದೇನಪ್ಪಾ, ಬೆಂಗಳೂರಲ್ಲಿ ಕೂತು ಮಂಜುಗಡ್ಡೆಯ ಆಟದ ಮಾತು ಅಂತೀರಾ? ಟೊರಾಂಟೊದಲ್ಲಿ, ಕ್ಯಾಲ್ಗರಿಯಲ್ಲಿ ನಮ್ಮ ಎಷ್ಟು ಮಕ್ಕಳಿದ್ದಾರೆ ಗೊತ್ತಲ್ಲ. ಆಫೀಸಿಗೆ ಸೇರಿದ ಮೊದಲ ಚಳಿಗಾಲದಲ್ಲೇ ಪಕ್ಕದ ಮೇಜಿನವನು ಬಂದು ಕೇಳ್ತಾನೆ, 'ನಮ್ಮ ಫ್ಯಾಂಟಸಿ ಲೀಗ್‌ಗೆ ಬರ್ತೀಯಾ?' ಅಂತ. ಹೂಂ ಅಂದ್ರೆ ಮುಗೀತು. ಅಲ್ಲಿಂದ ಶುರುವಾಗುತ್ತೆ ತಲೆಬಿಸಿ. ಆ ತಲೆಬಿಸಿಯಲ್ಲಿ ಅತಿ ದೊಡ್ಡದು ಡಿಫೆನ್ಸ್‌ಮನ್‌ಗಳನ್ನ, ಅಂದ್ರೆ ರಕ್ಷಣಾ ಆಟಗಾರರನ್ನ, ಆರಿಸೋದು.

ಫ್ಯಾಂಟಸಿ ಅಂದ್ರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಐಪಿಎಲ್ ಬಂದ ಮೇಲೆ ಹಳ್ಳಿಹಳ್ಳಿಗೂ ಗೊತ್ತು. ದುಡ್ಡು ಕಟ್ಟಿ ಆಡೋದಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದು ಬಾಗಿಲು ಹಾಕ್ತು, ಒಳ್ಳೇದೇ ಆಯ್ತು. ನಾನು ಹೇಳ್ತಿರೋದು ಗೆಳೆಯರು ಗೆಳೆಯರೇ ಸೇರಿ ಮರ್ಯಾದೆಗಾಗಿ ಆಡೋ ಆಟ. ಅದರಲ್ಲೂ ಒಂದು ದಿನದ ಆಟ ಅಲ್ಲ. ಡೈನಸ್ಟಿ ಲೀಗ್ ಅಂತ ಕರೀತಾರೆ. ಒಮ್ಮೆ ಆರಿಸಿದ ಆಟಗಾರ ನಿಮ್ಮ ಹತ್ರಾನೇ ಇರ್ತಾನೆ. ಐದು ವರ್ಷ, ಹತ್ತು ವರ್ಷ, ನೀವು ಬಿಡೋವರೆಗೂ. ಆರ್‌ಸಿಬಿ 2008ರಿಂದ ಕೊಹ್ಲಿಯನ್ನ ಕೈಬಿಡದೆ ಇಟ್ಟುಕೊಂಡಿದೆಯಲ್ಲ, ಹಾಗೆ. ಹಾಗಾಗಿ ಇಲ್ಲಿ ಪ್ರಶ್ನೆ 'ಇವತ್ತು ಯಾರು ಚೆನ್ನಾಗಿ ಆಡ್ತಾರೆ' ಅಂತಲ್ಲ. 'ಮುಂದಿನ ಏಳು ವರ್ಷ ಯಾರು ಚೆನ್ನಾಗಿ ಆಡ್ತಾರೆ' ಅಂತ. ಇದು ಜೋತಿಷ್ಯ ಅಲ್ಲ ಸ್ವಾಮಿ, ಲೆಕ್ಕ. ಆ ಲೆಕ್ಕ ಹೇಗೆ ಅಂತ ನೋಡೋಣ.

ಮೊದಲನೇ ಮಾತು. ಒಳ್ಳೆ ಡಿಫೆಂಡರ್ ಬೇರೆ, ಫ್ಯಾಂಟಸಿಗೆ ಒಳ್ಳೆ ಡಿಫೆಂಡರ್ ಬೇರೆ.

ಐಸ್ ಹಾಕಿಯಲ್ಲಿ ಒಂದು ತಂಡದಿಂದ ಆರು ಜನ ಕಣದಲ್ಲಿರ್ತಾರೆ. ಒಬ್ಬ ಗೋಲಿ, ಇಬ್ಬರು ಡಿಫೆನ್ಸ್‌ಮನ್, ಮೂವರು ಫಾರ್ವರ್ಡ್. ಗೋಲು ಹೊಡೆದರೆ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್. ಎದುರಾಳಿಯನ್ನ ತಡೆದಿದ್ದಕ್ಕೆ? ಸೊನ್ನೆ. ಕ್ಯಾರೊಲೈನಾ ತಂಡದ ಜೇಕಬ್ ಸ್ಲೇವಿನ್ ಅಂತ ಒಬ್ಬನಿದ್ದಾನೆ. ತಡೆಯೋದರಲ್ಲಿ ನಿಸ್ಸೀಮ. ಒರಟಾಟ ಇಲ್ಲದೆ ತಡೀತಾನೆ ಅಂತ ಸಭ್ಯ ಆಟಕ್ಕೆ ಕೊಡೋ ಲೇಡಿ ಬಿಂಗ್ ಪ್ರಶಸ್ತಿಯನ್ನ 2021 ಮತ್ತು 2024ರಲ್ಲಿ ಕೊಟ್ಟರು. ಯಾವ ಕೋಚ್ ಬೇಕಾದ್ರೂ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ತಾನೆ. ಫ್ಯಾಂಟಸಿಯಲ್ಲಿ? ಹಿಂದಿನ ಬೆಂಚು. ಅನ್ಯಾಯ ಅನ್ನಿಸಬಹುದು. ಆದರೆ ಆಟದ ನಿಯಮ ಅದೇ.

ಹಾಗಾಗಿ ಮೊದಲು ನಿಮ್ಮ ಲೀಗ್‌ನ ನಿಯಮ ಓದಿ. ಬರೀ ಗೋಲು, ಅಸಿಸ್ಟ್ ಲೆಕ್ಕವಾ? ಅಥವಾ ಡಿಕ್ಕಿ ಹೊಡೆದದ್ದು, ಮೈಯೊಡ್ಡಿ ಹೊಡೆತ ತಡೆದದ್ದು ಕೂಡ ಲೆಕ್ಕಕ್ಕಿದೆಯಾ? ಎರಡನೇದಾದರೆ ಡೆಟ್ರಾಯಿಟ್‌ನ ಮೊರಿಟ್ಜ್ ಸೈಡರ್ ಥರದವನ ಬೆಲೆ ದಿಢೀರ್ ಏರುತ್ತೆ. ಮೊದಲನೇದಾದರೆ ಅದೇ ಸೈಡರ್ ಎಷ್ಟೋ ಜನರ ಹಿಂದೆ ನಿಲ್ತಾನೆ. ಅದೇ ಮನುಷ್ಯ, ಅದೇ ಆಟ. ನಿಯಮ ಓದದೆ ಪಟ್ಟಿ ಮಾಡೋದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಎರಡನೇ ಮಾತು. ಆಳಿಗಿಂತ ಕುರ್ಚಿ ನೋಡಿ.

ಎದುರು ತಂಡದವನು ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ನಮಗೆ ಒಬ್ಬ ಹೆಚ್ಚಿರ್ತಾನೆ. ಅದಕ್ಕೆ ಪವರ್ ಪ್ಲೇ ಅಂತಾರೆ. ಈಗಿನ ಕಾಲದಲ್ಲಿ ಬಹುತೇಕ ತಂಡಗಳು ಆ ಹೊತ್ತಲ್ಲಿ ನಾಲ್ಕು ಫಾರ್ವರ್ಡ್, ಒಬ್ಬನೇ ಒಬ್ಬ ಡಿಫೆನ್ಸ್‌ಮನ್ ಇಳಿಸ್ತವೆ. ಆ ಒಬ್ಬ ಹಿಂದೆ ನಿಂತು ಪಕ್ ಹಂಚ್ತಾನೆ. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಡಿಫೆಂಡರ್ ಬಂದು ಗೋಲು ಬಾರಿಸ್ತಾನಲ್ಲ, ಕೊಡಗಿನ ವಿ.ಆರ್. ರಘುನಾಥ್ ಬಾರಿಸ್ತಿದ್ದರಲ್ಲ, ಆ ಲೆಕ್ಕ. ಪಾಯಿಂಟು ಹುಟ್ಟೋದೇ ಅಲ್ಲಿ.

ಈಗ ಗಣಿತ ಮಾಡಿ. 32 ತಂಡ, ತಂಡಕ್ಕೊಂದು ಕುರ್ಚಿ. ಒಟ್ಟು 32 ಕುರ್ಚಿ. ನಿಮ್ಮ ಲೀಗ್‌ನಲ್ಲಿ 12 ಜನ ಇದ್ದು, ತಲಾ ನಾಲ್ಕು ಡಿಫೆನ್ಸ್‌ಮನ್ ಇಳಿಸಬೇಕು ಅಂದ್ರೆ ಬೇಕಾಗೋದು 48. ಇರೋದು 32, ಬೇಕಿರೋದು 48! ಬರ ಇರೋದೇ ಇಲ್ಲಿ. ಫಾರ್ವರ್ಡ್‌ಗಳು ಸಿಗ್ತಾರೆ, ಪಾಯಿಂಟ್ ತರೋ ಡಿಫೆನ್ಸ್‌ಮನ್ ಸಿಗಲ್ಲ.

ಕುರ್ಚಿಯ ಮಹಿಮೆಗೆ ಒಂದು ಉದಾಹರಣೆ ಕೊಡ್ತೀನಿ. ಎಡ್ಮಂಟನ್ ತಂಡದಲ್ಲಿ ಕಾನರ್ ಮೆಕ್‌ಡೇವಿಡ್, ಲಿಯಾನ್ ಡ್ರೈಸೈಟಲ್ ಅನ್ನೋ ಇಬ್ಬರು ದಿಗ್ಗಜರಿದ್ದಾರೆ. ಅವರ ಹಿಂದೆ ನಿಂತು ಪಕ್ ಕೊಡ್ತಿದ್ದವನು ಟೈಸನ್ ಬ್ಯಾರಿ. 2020-21ರಲ್ಲಿ 56 ಪಂದ್ಯದಲ್ಲಿ 48 ಪಾಯಿಂಟ್, ಇಡೀ ಎನ್‌ಎಚ್‌ಎಲ್ ಡಿಫೆನ್ಸ್‌ಮನ್‌ಗಳಲ್ಲೇ ಮೊದಲು. ಆದರೆ ಆ ವರ್ಷ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಪ್ರಶಸ್ತಿ ಹೋಗಿದ್ದು 47 ಪಾಯಿಂಟಿನ ಆ್ಯಡಂ ಫಾಕ್ಸ್‌ಗೆ. ಬಲ್ಲವರಿಗೆ ಗೊತ್ತಿತ್ತು. 2023ರ ಫೆಬ್ರವರಿ ಕೊನೆಯಲ್ಲಿ ಬ್ಯಾರಿಯನ್ನ ನ್ಯಾಶ್‌ವಿಲ್‌ಗೆ ಕಳಿಸಿದರು. ಅಲ್ಲಿ ಆ ವೈಭವ ಮರಳಲಿಲ್ಲ. ಇತ್ತ ಎಡ್ಮಂಟನ್‌ನಲ್ಲಿ ಖಾಲಿಯಾದ ಕುರ್ಚಿಯಲ್ಲಿ ಕೂತವನು ಇವಾನ್ ಬುಶಾರ್ಡ್. 2022-23ರ ಇಡೀ ಸೀಸನ್‌ನಲ್ಲಿ 40 ಪಾಯಿಂಟ್ ಮಾಡಿದ್ದವನು ಮರುವರ್ಷ 82! ಅವನಲ್ಲಿ ಪ್ರತಿಭೆ ಇತ್ತು, ಇಲ್ಲ ಅಂತಲ್ಲ. ಆದರೆ ಕುರ್ಚಿ ಸಿಗದೆ 82 ಆಗ್ತಿರಲಿಲ್ಲ. ಹಾಗಾಗಿ ಯಾರ ಕುರ್ಚಿ ಖಾಲಿಯಾಗ್ತಿದೆ, ಪಕ್ಕದಲ್ಲಿ ಯಾರು ಕಾಯ್ತಿದ್ದಾರೆ ಅಂತ ಸದಾ ಕಣ್ಣಿಡಿ. ರಾಜಕೀಯ ನೋಡೋ ನಮಗೆ ಇದನ್ನ ಯಾರಾದ್ರೂ ಹೇಳಿಕೊಡಬೇಕಾ?

ಮೂರನೇ ಮಾತು, ಅತಿ ಮುಖ್ಯವಾದದ್ದು. ವಯಸ್ಸು.

ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ ಅಂತ ನಮ್ಮ ಹಿರಿಯರು ಹೇಳ್ತಾರೆ. ಡಿಫೆನ್ಸ್‌ಮನ್‌ಗಳ ವಿಚಾರದಲ್ಲಿ ಈ ಗಾದೆ ನಂಬಿಕೊಂಡು ಕೂತರೆ ಕೆಟ್ಟಿರಿ. ಫಾರ್ವರ್ಡ್ ಅನ್ನೋನು ಬಾಳೆ ಇದ್ದಂಗೆ. ನೆಟ್ಟ ವರ್ಷದೊಳಗೆ ಗೊನೆ. ಡಿಫೆನ್ಸ್‌ಮನ್ ತೆಂಗು. ಆರೇಳು ವರ್ಷ ನೀರು ಹುಯ್ಯಬೇಕು. ಕಾಯಿ ಬಿಡೋಕೆ ಶುರು ಮಾಡಿದರೆ ಮಾತ್ರ ಬಹಳ ಕಾಲ ಕೊಡ್ತಾನೆ.

ರಾಸ್ಮಸ್ ಡಾಲೀನ್‌ನನ್ನ ನೋಡಿ. 2018ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬಫಲೋ ಆರಿಸ್ತು. ಮೊದಲ ವರ್ಷ 44 ಪಾಯಿಂಟ್. ಎಲ್ಲರೂ ಭೇಷ್ ಅಂದರು. 2020-21ರಲ್ಲಿ ಏನಾಯ್ತು? 56 ಪಂದ್ಯ, 23 ಪಾಯಿಂಟ್, ಪ್ಲಸ್-ಮೈನಸ್ ಲೆಕ್ಕದಲ್ಲಿ ಮೈನಸ್ 36. 'ಇವನ ಕಥೆ ಮುಗೀತು' ಅಂದವರು ಎಷ್ಟು ಜನ! ಅವನಿಗಾಗ ಎಷ್ಟು ವಯಸ್ಸು? 21 ರೀ, ಬರೀ 21. ಮರುವರ್ಷ 53, ಅದರ ಮರುವರ್ಷ 73. ಆವತ್ತು ಸಿಕ್ಕಿದ ಬೆಲೆಗೆ ಮಾರಿದವರು ಇವತ್ತಿಗೂ ಕೈ ಹಿಸುಕಿಕೊಳ್ತಿರಬೇಕು. ಡೆಟ್ರಾಯಿಟ್‌ನ ನಿಕ್ಲಾಸ್ ಲಿಡ್‌ಸ್ಟ್ರಮ್ ಮೊದಲ ನಾರಿಸ್ ಗೆದ್ದಾಗ ವಯಸ್ಸು 31. ಏಳನೆಯದು ಗೆದ್ದಾಗ 41!

ಇನ್ನು ಡ್ರಾಫ್ಟ್‌ನ ನಂಬರು. ಅದನ್ನ ದೇವರ ಅಪ್ಪಣೆ ಅಂದ್ಕೋಬೇಡಿ. ಲಿಡ್‌ಸ್ಟ್ರಮ್ 53ನೆಯವನು. ನ್ಯಾಶ್‌ವಿಲ್‌ನ ರೋಮನ್ ಜೋಸಿ 38ನೆಯವನು. ಫಾಕ್ಸ್ 66ನೆಯವನು. 5 ಅಡಿ 9 ಇಂಚಿನ ಮಾಂಟ್ರಿಯಲ್‌ನ ಲೇನ್ ಹಟ್ಸನ್ 62ನೆಯವನು. ಕುಳ್ಳ ಅಂತ ಅಷ್ಟು ತಂಡಗಳು ದಾಟಿಕೊಂಡು ಹೋದವು. 2024-25ರಲ್ಲಿ ತನ್ನ ಮೊದಲ ಪೂರ್ತಿ ಸೀಸನ್‌ನಲ್ಲೇ 66 ಪಾಯಿಂಟ್ ಹೊಡೆದು ವರ್ಷದ ಹೊಸಬ ಪ್ರಶಸ್ತಿ ಎತ್ತಿಕೊಂಡ. ಇನ್ನೊಂದು ಕಡೆ 2006ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಎರಿಕ್ ಜಾನ್ಸನ್. ದೀರ್ಘಕಾಲ ಆಡಿದ, ಸ್ಟ್ಯಾನ್ಲಿ ಕಪ್ ಕೂಡ ಗೆದ್ದ. ಆದರೆ ಒಂದು ಸೀಸನ್‌ನ ಗರಿಷ್ಠ 39 ಪಾಯಿಂಟ್. 18ರ ಹುಡುಗನ ಮುಂದಿನ ಹತ್ತು ವರ್ಷ ಹೇಳೋಕೆ ಯಾರಿಂದ ಆಗುತ್ತೆ?

ನಾಲ್ಕನೇ ಮಾತು. ಒಂದು ವರ್ಷದ ಹಬ್ಬಕ್ಕೆ ಮರುಳಾಗಬೇಡಿ.

ಎರಿಕ್ ಕಾರ್ಲ್‌ಸನ್ 2022-23ರಲ್ಲಿ ಸ್ಯಾನ್ ಹೋಸೆ ಪರ 101 ಪಾಯಿಂಟ್ ಮಾಡಿದ. ಡಿಫೆನ್ಸ್‌ಮನ್ ಒಬ್ಬ ನೂರು ದಾಟಿದ್ದು 1991-92ರ ಬ್ರಯಾನ್ ಲೀಚ್ ನಂತರ ಅದೇ ಮೊದಲು. ಆದರೆ ತಂಡ ಗೆದ್ದದ್ದು 82ರಲ್ಲಿ 22 ಪಂದ್ಯ ಮಾತ್ರ. ಎಲ್ಲ ಪಕ್ ಅವನ ಕೈಯಲ್ಲೇ. ಆ ಬೇಸಿಗೆ ಪಿಟ್ಸ್‌ಬರ್ಗ್‌ಗೆ ಹೋದ. ಅಲ್ಲಿ ಮೊದಲ ವರ್ಷ 56 ಪಾಯಿಂಟ್. ಕೆಟ್ಟದ್ದೇನಲ್ಲ. ಆದರೆ 101 ನೋಡಿ ಬೆಲೆ ಕೊಟ್ಟವನ ಗತಿ? 33ರ ಹೊಸ್ತಿಲಲ್ಲಿರೋ ಆಟಗಾರನ ಅತ್ಯುತ್ತಮ ವರ್ಷ ಅಂದ್ರೆ ಅದು ಮಾರೋ ಕಾಲ, ಕೊಳ್ಳೋ ಕಾಲ ಅಲ್ಲ. ಇನ್ನೊಂದು ಅಂಶ ನೆನಪಿಡಿ. ಡಿಫೆನ್ಸ್‌ಮನ್ ಹೊಡೆದ ನೂರು ಹೊಡೆತದಲ್ಲಿ ಸಾಮಾನ್ಯವಾಗಿ ಗೋಲಾಗೋದು ಐದಾರು. ಒಬ್ಬನದು ದಿಢೀರ್ ಹತ್ತು ಹನ್ನೆರಡು ಆಯ್ತು ಅಂದ್ರೆ ಅದರಲ್ಲಿ ಅದೃಷ್ಟದ ಪಾಲೆಷ್ಟು ಅಂತ ಕೇಳಿ. ಗೋಲು ಎಣಿಸೋಕೆ ಮುಂಚೆ ಹೊಡೆತ ಎಣಿಸಿ, ಕಣದಲ್ಲಿ ಕಳೆದ ನಿಮಿಷ ಎಣಿಸಿ.

ಮೊಣಕಾಲು ಮರೀಬೇಡಿ. ಬಾಬಿ ಆರ್ 1970-71ರಲ್ಲಿ 139 ಪಾಯಿಂಟ್ ಮಾಡಿದ. ಇವತ್ತಿಗೂ ಯಾವ ಡಿಫೆನ್ಸ್‌ಮನ್ ಕೂಡ ಅದನ್ನ ಮುಟ್ಟಿಲ್ಲ. ಮೊಣಕಾಲು ಕೈಕೊಟ್ಟು 30ನೇ ವಯಸ್ಸಿಗೆ ಆಟ ಮುಗೀತು. ಆಟಗಾರ ಮನುಷ್ಯ, ಅಂಕಿ ಅಲ್ಲ.

ಸರಿ, ಪಟ್ಟಿ ಕೊಡಿ ಅಂತೀರಾ? ಒಂದು, ಎರಡು, ಮೂರು ಅಂತ ಬರೆಯೋದು ಬಿಡಿ. ಗುಂಪು ಮಾಡಿ. 2024-25ರ ಸೀಸನ್ ಮುಗಿದ ಮೇಲಿನ, ಗೋಲು-ಅಸಿಸ್ಟ್ ಲೀಗ್‌ನ ಲೆಕ್ಕ ಇದು.

ಮೊದಲ ಗುಂಪಿನಲ್ಲಿ ಇಬ್ಬರೇ. ಕೊಲರಾಡೋದ ಕೇಲ್ ಮಕಾರ್, 30 ಗೋಲು ಸೇರಿ 92 ಪಾಯಿಂಟ್, ಎರಡನೇ ನಾರಿಸ್. ಜೊತೆಗೆ ಕ್ವಿನ್ ಹ್ಯೂಸ್, 2023-24ರಲ್ಲಿ 92, ಮರುವರ್ಷ 68 ಪಂದ್ಯದಲ್ಲೇ 76. ಇವರನ್ನ ಮಾರಬೇಡಿ, ಅಷ್ಟೆ.

ಎರಡನೇ ಗುಂಪು ಹಟ್ಸನ್, ಡಾಲೀನ್, ಬುಶಾರ್ಡ್, ಕೊಲಂಬಸ್‌ನ ಝ್ಯಾಕ್ ವೆರೆನ್ಸ್ಕಿ. ಇವರಲ್ಲಿ ಯಾರು ಮೇಲೆ ಅಂತ ರಾತ್ರಿಯೆಲ್ಲ ಜಗಳ ಆಡಬಹುದು, ಉಪಯೋಗ ಇಲ್ಲ. ಒಂದೇ ಗುಂಪಿನವರ ನಡುವೆ ಅದಲುಬದಲು ಮಾಡಿ ಮೇಲೊಂದಿಷ್ಟು ಸಿಕ್ಕರೆ ಲಾಭ. ಗುಂಪು ದಾಟಿ ಕೆಳಗಿಳಿದರೆ ಬೆಲೆ ಕೇಳಿ.

ಮೂರನೆಯದು ಫಾಕ್ಸ್, ವಿನಿಪೆಗ್‌ನ ಜೋಶ್ ಮಾರಿಸೀ ಥರದ ನಂಬಿಕಸ್ಥರು. ನಾಲ್ಕನೆಯದು ಹಿರಿಯರು. ಟ್ಯಾಂಪಾದ ವಿಕ್ಟರ್ ಹೆಡ್‌ಮನ್ 34ರಲ್ಲಿ 66 ಪಾಯಿಂಟ್ ಮಾಡಿದ. ಈ ವರ್ಷವೇ ಕಪ್ ಗೆಲ್ಲಬೇಕು ಅನ್ನೋನಿಗೆ ಇವನು ಬಂಗಾರ. ಹೊಸದಾಗಿ ತಂಡ ಕಟ್ಟೋನಿಗೆ ಹೊರೆ. ಕೊನೆಯದು ಮೊಳಕೆಗಳು. 2025ರಲ್ಲಿ ಐಲ್ಯಾಂಡರ್ಸ್ ಮೊದಲನೆಯವನಾಗಿ ಆರಿಸಿದ 17ರ ಮ್ಯಾಥ್ಯೂ ಶೇಫರ್ ಅಂಥವರು. ಜಾಗ ಇದ್ದರೆ ಒಂದೆರಡು ನೆಡಿ. ತೋಟ ತುಂಬ ಸಸಿ ನೆಟ್ಟರೆ ಈ ವರ್ಷ ಊಟಕ್ಕೇನು ಮಾಡ್ತೀರಿ?

ಕೊನೆಗೆ ಉಳಿಯೋದು ಇಷ್ಟೆ. ಗೆಲ್ಲೋ ತಂಡ ಹಿರಿಯರನ್ನ ಕೊಳ್ಳಲಿ, ಸೋಲ್ತಿರೋ ತಂಡ ಕಾಯೋದನ್ನ ಕಲೀಲಿ. ನಮಗೆ ಎಲ್ಲದರಲ್ಲೂ ಅವಸರ. ಹುಡುಗ ಎರಡು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದರೆ 'ಇವನಿಂದ ಏನೂ ಆಗಲ್ಲ' ಅಂತ ಷರಾ ಬರೆದುಬಿಡ್ತೀವಿ. 21ರ ಡಾಲೀನ್ ಮೇಲೂ ಹಾಗೇ ಬರೆದಿದ್ದರು. ಎರಡೇ ವರ್ಷದಲ್ಲಿ ಅವನು ಆ ಷರಾ ಅಳಿಸಿದ.