ಆಲಿವ್ ಮರದ ಪೈಪು: ಬೆಂಕಿಗೆ ಒಗ್ಗಿಸುವ ಕಸುಬು

ಹೊಗೆಸೊಪ್ಪು ಸೇದುವ ಪೈಪಿಗೆ ಆಲಿವ್ ಮರ ಮೊದಲ ಆಯ್ಕೆಯಲ್ಲ. ಆ ಪಟ್ಟ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೂ ಬ್ರಯರ್‌ಗೆ ಸಂದಿದೆ. ಮೆಡಿಟರೇನಿಯನ್ ಸೀಮೆಯ ಕುರುಚಲು ಗುಡ್ಡಗಳಲ್ಲಿ ಎರಿಕಾ ಆರ್ಬೋರಿಯಾ ಎಂಬ ಪೊದೆ ಬೆಳೆಯುತ್ತದೆ. ಅದರ ಬೇರಿಗೂ ಕಾಂಡಕ್ಕೂ ನಡುವೆ ಊದಿಕೊಳ್ಳುವ ಗಡ್ಡೆಯೇ ಬ್ರಯರ್. ಫ್ರಾನ್ಸಿನ ಜುರಾ ಬೆಟ್ಟಸಾಲಿನ ಸೇಂಟ್ ಕ್ಲೋಡ್ ಪಟ್ಟಣದ ಕಸುಬುದಾರರು ಮೊದಲು ಬಾಕ್ಸ್‌ವುಡ್ ಮರದಲ್ಲಿ ಜಪಮಾಲೆಯ ಮಣಿಗಳನ್ನು ಕಡೆಯುತ್ತಿದ್ದವರು. 1850ರ ದಶಕದಲ್ಲಿ ಅವರು ಈ ಗಡ್ಡೆಯಿಂದ ಪೈಪು ಮಾಡತೊಡಗಿದ ಮೇಲೆ ಉಳಿದ ಮರಗಳೆಲ್ಲ ಹಿಂದೆ ಬಿದ್ದವು. ಬ್ರಯರ್ ಸುಲಭಕ್ಕೆ ಸುಡುವುದಿಲ್ಲ. ಆಲಿವ್‌ಗೆ ಆ ಗುಣ ಅಷ್ಟಿಲ್ಲ. ಹೀಗಾಗಿ ಆಲಿವ್ ಪೈಪು ಮಾಡುವವನ ಅರ್ಧ ಜಾಣತನ ಮರವನ್ನು ಬೆಂಕಿಯಿಂದ ಕಾಯುವುದಕ್ಕೇ ಮೀಸಲು.

ಇಷ್ಟಾದರೂ ಕುಶಲಕರ್ಮಿಗಳು ಈ ಮರವನ್ನು ಬಿಟ್ಟಿಲ್ಲ. ಅದರ ಅಂದ ಅಂಥದ್ದು. ಜೇನುಬಣ್ಣದ ಚೇಗಿನಲ್ಲಿ ಕಡುಗಂದು, ಕೆಲವೆಡೆ ಕಪ್ಪೇ ಎನ್ನಬಹುದಾದ ಎಳೆಗಳು ಸುಳಿಸುಳಿಯಾಗಿ ಹರಿಯುತ್ತವೆ. ಮರ ಗಟ್ಟಿ, ತೂಕವೂ ಹೆಚ್ಚು: ಒಣಗಿದ ಆಲಿವ್ ತೇಗಕ್ಕಿಂತ ಸುಮಾರು ಒಂದೂವರೆ ಪಟ್ಟು ಭಾರ. ನಾರು ಎಷ್ಟು ಒತ್ತಾಗಿದೆಯೆಂದರೆ ನಯವಾಗಿ ಉಜ್ಜಿದರೆ ಮೇಣ ಹಚ್ಚುವ ಮೊದಲೇ ಮಿನುಗುತ್ತದೆ. ಕೊರೆಯುವಾಗ ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ. ಅದಕ್ಕೆ ಮರುಳಾಗಬಾರದು, ಆಗ ಏಳುವ ಹೊಟ್ಟು ಕೆಲವರಿಗೆ ಕಣ್ಣುರಿ, ಚರ್ಮದ ತುರಿಕೆ, ಉಸಿರಾಟದ ತೊಂದರೆ ತರುವುದರಿಂದ ಮುಖಕವಚ ಇಲ್ಲದೆ ಕೆಲಸಕ್ಕೆ ಕೂರುವಂತಿಲ್ಲ.

ಪೈಪಿಗೆಂದು ಯಾರೂ ಆಲಿವ್ ಮರ ಕಡಿಯುವುದಿಲ್ಲ. ಎಣ್ಣೆ ಕೊಡುವ ಮರ ತಲೆಮಾರುಗಳ ಆಸ್ತಿ. ಇಟಲಿಯ ಪುಲಿಯಾ ಪ್ರಾಂತ್ಯವಂತೂ ತನ್ನ ಪುರಾತನ ಆಲಿವ್ ಮರಗಳ ರಕ್ಷಣೆಗೆ 2007ರಲ್ಲಿ ಕಾನೂನನ್ನೇ ಮಾಡಿತು. ಕುಶಲಕರ್ಮಿಗೆ ಸಿಗುವುದು ಸವರಿದ ದಪ್ಪ ಕೊಂಬೆ, ಫಲ ನಿಂತ ಮುದಿಮರ, ಇಲ್ಲವೇ ರೋಗಕ್ಕೋ ಚಳಿಗೋ ಸತ್ತ ಮರ. 1956ರ ಫೆಬ್ರುವರಿಯ ಹಿಮಗಾಳಿ ದಕ್ಷಿಣ ಫ್ರಾನ್ಸಿನ ತೋಟಗಳನ್ನೂ 1985ರ ಜನವರಿಯ ಚಳಿ ಟಸ್ಕನಿಯ ತೋಟಗಳನ್ನೂ ನೆಲಸಮ ಮಾಡಿದವು. 2013ರಲ್ಲಿ ಅದೇ ಪುಲಿಯಾದಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಲಕ್ಷಾಂತರ ಮರಗಳನ್ನು ಒಣಗಿಸಿತು. ಕಾನೂನು ಕೊಡಲಿಯನ್ನು ತಡೆಯಬಲ್ಲದು, ಬ್ಯಾಕ್ಟೀರಿಯಾವನ್ನಲ್ಲ. ಹಳೆಯ ಆಲಿವ್‌ನ ಕಾಂಡ ತಿರುಚಿಕೊಂಡು ಒಳಗೆ ಪೊಳ್ಳಾಗುವುದೂ ಸಾಮಾನ್ಯ. ಅದರಲ್ಲಿ ಮೇಜಿಗಾಗುವ ಹಲಗೆ ಸಿಗುವುದು ಅಪರೂಪ. ಮುಷ್ಟಿಗಾತ್ರದ ಕೊರಡನ್ನಷ್ಟೇ ಬೇಡುವ ಪೈಪಿಗೆ ಅದು ಧಾರಾಳ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಒಣಗಿಸುವ ಕೆಲಸ. ಹಸಿ ಆಲಿವ್ ಆತುರ ಸಹಿಸುವುದಿಲ್ಲ. ಬಿಸಿಲಿಗಿಟ್ಟರೆ ಸೊಟ್ಟಗಾಗಿ ಸೀಳುತ್ತದೆ. ನೀರು ಹೆಚ್ಚಾಗಿ ಆರುವುದು ಕೊಯ್ದ ತುದಿಗಳಿಂದ. ಅದಕ್ಕೇ ಎರಡೂ ತುದಿಗೆ ಮೇಣ ಬಳಿದು, ಗಾಳಿಯಾಡುವ ನೆರಳಿನಲ್ಲಿ ಕೊರಡುಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತಾರೆ. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಆಲಿವ್‌ಗೆ ಅದೂ ಸಾಲದಿರಬಹುದು. ನಂಬಬೇಕಾದ್ದು ತಕ್ಕಡಿಯನ್ನು. ಕೊರಡಿನ ಮೇಲೆ ತಾರೀಕು, ತೂಕ ಬರೆದಿಟ್ಟು ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲಷ್ಟೇ ಗರಗಸ ಎತ್ತುತ್ತಾರೆ. ಒಳಗೆ ತೇವ ಉಳಿದ ಪೈಪು ಮೊದಲ ಬೆಂಕಿಗೇ ಬಿರುಕು ಬಿಟ್ಟೀತು.

ಒಣಗಿದ ಕೊರಡಿನ ಮೇಲೆ ಪೆನ್ಸಿಲ್ಲಿನಲ್ಲಿ ಪೈಪಿನ ಪಕ್ಕನೋಟ ಬರೆಯುತ್ತಾರೆ. ಎಳೆಗಳು ಬಟ್ಟಲಿನ ಮೇಲೆ ಹೇಗೆ ಏಳಬೇಕು, ಗಂಟು, ಕೂದಲೆಳೆಯ ಬಿರುಕು ಎಲ್ಲಿವೆ ಎಂಬುದೆಲ್ಲ ಆಗಲೇ ತೀರ್ಮಾನವಾಗಬೇಕು. ಗಂಟು ಹೊಗೆಸೊಪ್ಪು ಉರಿಯುವ ಬಟ್ಟಲಿನ ಗೋಡೆಗೆ ಬರುವಂತಿದ್ದರೆ ಆ ಕೊರಡನ್ನು ಪಕ್ಕಕ್ಕಿಡುವುದೇ ಲೇಸು. ಹೊರ ಆಕಾರ ಕೊಡುವ ಮೊದಲೇ, ಕೊರಡು ಚೌಕವಾಗಿದ್ದು ಹಿಡಿತಕ್ಕೆ ಸಿಗುವಾಗಲೇ ರಂಧ್ರ ಕೊರೆಯುವುದು ಹಲವರ ಪದ್ಧತಿ. ಹೊಗೆಸೊಪ್ಪು ತುಂಬುವ ಗುಂಡಿಗೆ ಸುಮಾರು 19 ಮಿಲಿಮೀಟರ್ ಅಗಲ, ದುಂಡು ತಳ. ಬಾಯಿಕೊಳವೆ ಕೂರುವ ತೂತು ಸುಮಾರು 8 ಮಿಲಿಮೀಟರ್. ಎರಡನ್ನೂ ಕೂಡಿಸುವ ಹೊಗೆದಾರಿ ಬರೀ 4 ಮಿಲಿಮೀಟರ್.

ಕೈಚಳಕ ಬಯಲಾಗುವುದು ಈ ಕಿರುದಾರಿಯಲ್ಲೇ. ಅದು ಗುಂಡಿಯ ತಳದ ನಟ್ಟನಡುವೆ ತೆರೆಯಬೇಕು. ಮೇಲಕ್ಕೆ ತೆರೆದರೆ ತಳದಲ್ಲಿ ಹಸಿ ಹೊಗೆಸೊಪ್ಪು ಉಳಿದು ಕೊಳಕು ನೀರು ಕೂಡುತ್ತದೆ; ಕೆಳಕ್ಕಿಳಿದರೆ ತಳದ ಮರ ತೆಳುವಾಗಿ ಅಲ್ಲೇ ಸುಡುತ್ತದೆ. ಆಲಿವ್‌ನ ಹೆಣೆದುಕೊಂಡ ನಾರಿನಲ್ಲಿ ಉದ್ದನೆಯ ಸಪೂರ ಬೈರಿಗೆ ದಾರಿ ತಪ್ಪುವುದು ಬಹು ಸುಲಭ. ಸ್ವಲ್ಪ ಕೊರೆದು, ಹೊರಗೆಳೆದು, ಹೊಟ್ಟು ಕೊಡವಿ ಮತ್ತೆ ಇಳಿಸಬೇಕು. ಹೊಟ್ಟು ಒಳಗೇ ಉಳಿದರೆ ಬೈರಿಗೆ ಕಾದು ಮರ ಕಪ್ಪಾಗುತ್ತದೆ.

ಬಳಿಕ ಹೊರಮೈ. ಗರಗಸದಿಂದ ಒರಟು ಆಕಾರ, ಲೇತಿನಲ್ಲಿ ದುಂಡುತನ, ಅರದಿಂದ ಬಟ್ಟಲನ್ನು ಬಾಯಿಕೊಳವೆಗೆ ಕೂಡಿಸುವ ಕೊರಳಿನ ತಿರುವು. ಬ್ರಯರ್ ಪೈಪಿನ ಗೋಡೆಗಿಂತ ಆಲಿವ್ ಗೋಡೆಯನ್ನು ತುಸು ದಪ್ಪ ಬಿಡುವುದು ಜಾಣತನ. ಇನ್ನೂ ಎಚ್ಚರದವರು ಹೊರಗೆ ಆಲಿವ್ ಇಟ್ಟು ಒಳಗೆ ಬ್ರಯರ್‌ನ ಬಟ್ಟಲು ಕೂರಿಸುವುದೂ ಉಂಟು. ಇದು ರಾಜಿಯೆಂದು ಮೂಗು ಮುರಿಯುವವರಿದ್ದಾರೆ, ಆದರೆ ಪೈಪು ಉಳಿಯುತ್ತದೆ.

ಬಾಯಿಕೊಳವೆಗೆ ಎಬೊನೈಟ್ ಇಲ್ಲವೇ ಅಕ್ರಿಲಿಕ್. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್ ಆದ ಎಬೊನೈಟ್ ಹಲ್ಲಿಗೆ ಮೆತ್ತಗೆ. ಬಿಸಿಲಿಗೆ ಹಸಿರುಗಂದಾಗುವುದು ಅದರ ದೋಷ. ಅಕ್ರಿಲಿಕ್ ಬಣ್ಣ ಕೆಡದು, ಆದರೆ ಹಲ್ಲಿಗೆ ಬಿರುಸು. ಕಚ್ಚುವ ತುದಿಯನ್ನು 4 ಮಿಲಿಮೀಟರ್ ಆಸುಪಾಸಿಗೆ ತೆಳುವಾಗಿಸಿ, ಒಳಗಿನ ತೂತನ್ನು ಬೀಸಣಿಗೆಯಾಗಿ ಅರಳಿಸಲು ಗಂಟೆಗಟ್ಟಲೆ ಬೇಕು.

ಉಜ್ಜುಕಾಗದವನ್ನು ಒರಟಿನಿಂದ ನಯಕ್ಕೆ ಬದಲಿಸುತ್ತ ಹೋಗಿ, ಕೊನೆಗೆ ಬ್ರೆಜಿಲ್‌ನ ತಾಳೆಜಾತಿಯ ಮರದೆಲೆಯಿಂದ ಬರುವ ಕಾರ್ನೂಬಾ ಮೇಣವನ್ನು ತಿರುಗುವ ಬಟ್ಟೆಚಕ್ರದಲ್ಲಿ ಹಚ್ಚುತ್ತಾರೆ. ಬಣ್ಣ ಬೇಡ, ಎಳೆಗಳೇ ಸಾಕು. ದಪ್ಪ ವಾರ್ನಿಷ್ ಬಳಿದರೆ ಕಾವಿಗೆ ಗುಳ್ಳೆ ಏಳುವ ಭಯ. ಆಲಿವ್ ಮರಕ್ಕೆ ಆಲಿವ್ ಎಣ್ಣೆಯೇ ತಕ್ಕದ್ದೆಂದು ತೋರಬಹುದು. ಆದರೆ ಅದು ಆರಿ ಗಟ್ಟಿಯಾಗುವ ಎಣ್ಣೆಯಲ್ಲ, ಅಂಟಂಟಾಗಿ ಉಳಿದು ಕಮಟುತ್ತದೆ.

ಬಟ್ಟಲಿನ ಒಳಗೋಡೆಗೆ ಮಾತ್ರ ಬೇರೆ ಲೇಪ. ನಯವಾದ ಇದ್ದಿಲ ಪುಡಿಯನ್ನು ಮೊಸರು ಅಥವಾ ಮಜ್ಜಿಗೆಯಲ್ಲಿ ಕಲಸಿ ತೆಳ್ಳಗೆ ಬಳಿದು ಒಣಗಿಸುವುದು ಹಲವು ಪೈಪುಗಾರರ ವಾಡಿಕೆ. ಸೇದುತ್ತ ಹೋದಂತೆ ಅದರ ಮೇಲೆ ಕರಕಲು ಪದರ ಕಟ್ಟಿ, ಬೆಂಕಿಗೂ ಮರಕ್ಕೂ ನಡುವೆ ನಿಲ್ಲುತ್ತದೆ. ಮೊದಮೊದಲು ಅರ್ಧ ಬಟ್ಟಲು ತುಂಬಿ ನಿಧಾನವಾಗಿ ಸೇದಬೇಕೆನ್ನುವುದು ಈ ಪದರಕ್ಕಾಗಿಯೇ. ಒಂದು ಮಿಲಿಮೀಟರ್ ದಾಟಿ ಬೆಳೆದರೆ ಹೆರೆದು ತೆಗೆಯಬೇಕು. ಕಾವಿಗೆ ಅದು ಮರಕ್ಕಿಂತ ಹೆಚ್ಚು ಹಿಗ್ಗಿ ಬಟ್ಟಲನ್ನೇ ಸೀಳಬಲ್ಲದು. ಬಿಸಿಯಾಗಿರುವಾಗ ಬಾಯಿಕೊಳವೆ ಕಿತ್ತರೆ ಕೊರಳು ಮುರಿಯುವ ಸಂಭವವೂ ಇದೆ. ಈ ಲೇಪಗಳು ಕಾಯುವುದು ಮರವನ್ನು, ಸೇದುವವನನ್ನಲ್ಲ: ಪೈಪಿನಿಂದ ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಬರುವುದು ಸಾಬೀತಾದ ಸಂಗತಿ.

ಇಷ್ಟೆಲ್ಲ ಮಾಡಿದರೂ ಒಳಗೋಡೆ ಸುಡತೊಡಗಬಹುದು. ಹೊರಮೈಯ ಒಂದೇ ಜಾಗ ಬೆರಳಿಗೆ ಚುರುಕ್ಕೆನ್ನುವುದು, ಅಲ್ಲಿ ಮೇಣದ ಹೊಳಪು ಮಂಕಾಗುವುದು ಅದರ ಗುರುತು. ಬೇಗ ಕಂಡರೆ ಕರಕಲನ್ನು ಕೆತ್ತಿ ತೆಗೆದು, ಬೂದಿಯ ಗಾರೆ ತುಂಬಿ ಉಳಿಸಿಕೊಳ್ಳಬಹುದು. ತೂತು ಹೊರಗೇ ಬಂದ ಬಟ್ಟಲಿಗೆ ಮದ್ದಿಲ್ಲ. ಬಾಯಿಕೊಳವೆಯನ್ನು ಬಿಡಿಸಿಕೊಂಡು ಮುಂದಿನ ಪೈಪಿಗೆ ಹೊಂದಿಸಿಕೊಳ್ಳುತ್ತಾರೆ.