ಐಸೆಟ್ ಬರೆಯುವ ಗಡಿನಾಡ ಮಕ್ಕಳು: ಯಾವ ಪರೀಕ್ಷೆ, ಯಾವ ಪುಸ್ತಕ?

ಪದವಿಯ ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಎಂಬಿಎ ಮಾತು ಬಂದೇ ಬರುತ್ತದೆ. ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಪಾಲಕರು ಮೊದಲು ಕೇಳುವುದು "ಯಾವ ಪುಸ್ತಕ ಕೊಡಿಸಬೇಕು?" ಎಂದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಯಾವ ಪರೀಕ್ಷೆ ಎಂಬುದು. ಗಡಿಯಲ್ಲಿರುವ ನಮಗೆ ಎರಡು ರಾಜ್ಯಗಳ ಬಾಗಿಲು ಕಾಣುತ್ತವೆ. ಎರಡೂ ತೆರೆದಿವೆ ಎಂದುಕೊಂಡು ಎರಡರಿಂದಲೂ ಹೊರಗುಳಿಯುವ ಅಪಾಯವೂ ನಮಗೇ ಹೆಚ್ಚು.

ತೆಲಂಗಾಣದ ಎಂಬಿಎ, ಎಂಸಿಎ ಸೀಟುಗಳಿಗೆ ಐಸೆಟ್ ಇದೆ. ಇದನ್ನು ರಾಜ್ಯದ ಉನ್ನತ ಶಿಕ್ಷಣ ಮಂಡಳಿಯ ಪರವಾಗಿ ಒಂದು ವಿಶ್ವವಿದ್ಯಾಲಯ ನಡೆಸುತ್ತದೆ. ಬಹಳ ವರ್ಷ ವರಂಗಲ್‌ನ ಕಾಕತೀಯ ವಿಶ್ವವಿದ್ಯಾಲಯ ನಡೆಸಿತು, 2025ರಲ್ಲಿ ನಲ್ಗೊಂಡದ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯ ನಡೆಸಿತು. ಕರ್ನಾಟಕದಲ್ಲಿ ಕೆಇಎ ನಡೆಸುವ ಪಿಜಿಸಿಇಟಿ ಇದೆ. ಐಐಎಂಗಳಿಗೆ ಕ್ಯಾಟ್. ಮೂರಕ್ಕೂ ಓದು ಸ್ವಲ್ಪ ಮಟ್ಟಿಗೆ ಒಂದೇ ಆದರೂ ಬರೆಯುವ ರೀತಿ ಬೇರೆ ಬೇರೆ.

ಐಸೆಟ್‌ನಲ್ಲಿ 150 ನಿಮಿಷಕ್ಕೆ 200 ಪ್ರಶ್ನೆ, ಅಂದರೆ ಒಂದಕ್ಕೆ 45 ಸೆಕೆಂಡು. ಪಿಜಿಸಿಇಟಿಯ ಎಂಬಿಎ ಪತ್ರಿಕೆಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ. ಕ್ಯಾಟ್‌ನಲ್ಲಿ ಅಷ್ಟೇ ಸಮಯಕ್ಕೆ 2024ರಲ್ಲಿ 68 ಪ್ರಶ್ನೆಗಳಿದ್ದವು. ಮೊದಲ ಎರಡರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕ್ಯಾಟ್‌ನಲ್ಲಿ ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ 1 ಅಂಕ ಹೋಗುತ್ತದೆ. ಹಾಗಾಗಿ ಐಸೆಟ್ ಬರೆಯುವವರು ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು, ಕೊನೆಯ ಐದು ನಿಮಿಷ ಉಳಿದದ್ದಕ್ಕೆಲ್ಲ ಉತ್ತರ ಗುರುತಿಸಲು ಇಟ್ಟುಕೊಳ್ಳಬೇಕು. ಅದೇ ಅಭ್ಯಾಸವನ್ನು ಕ್ಯಾಟ್‌ಗೆ ಒಯ್ದರೆ ನಷ್ಟ. ಕ್ಯಾಟ್ ಪುಸ್ತಕದ ಕಠಿಣ ಲೆಕ್ಕಗಳನ್ನು ಹಿಡಿದು ಐಸೆಟ್‌ಗೆ ತಯಾರಿ ಮಾಡುವುದೂ ಸರಿಯಲ್ಲ. ಐಸೆಟ್‌ಗೆ ಬೇಕಾದ್ದು ವೇಗ.

ಐಸೆಟ್‌ನ 200 ಅಂಕಗಳಲ್ಲಿ ವಿಶ್ಲೇಷಣಾ ಸಾಮರ್ಥ್ಯಕ್ಕೆ 75, ಗಣಿತಕ್ಕೆ 75, ಇಂಗ್ಲಿಷಿಗೆ 50. ಅರ್ಹತೆಗೆ ಶೇ. 25, ಅಂದರೆ 50 ಅಂಕ ಸಾಕು; ಪರಿಶಿಷ್ಟ ಜಾತಿ, ಪಂಗಡದವರಿಗೆ ಆ ಮಿತಿಯೂ ಇಲ್ಲ. ಆದರೆ ಅರ್ಹರಾಗುವುದು ಬೇರೆ, ಒಳ್ಳೆಯ ಕಾಲೇಜು ಸಿಗುವುದು ಬೇರೆ. ಇಬ್ಬರಿಗೆ ಒಂದೇ ಅಂಕ ಬಂದರೆ ಮೊದಲು ನೋಡುವುದು ವಿಶ್ಲೇಷಣಾ ವಿಭಾಗದ ಅಂಕ. ಆ ವಿಭಾಗದಲ್ಲೇ ನಮ್ಮ ಮಕ್ಕಳು ಎಡವುವ 20 ಪ್ರಶ್ನೆಗಳಿವೆ: ಡಾಟಾ ಸಫಿಶಿಯೆನ್ಸಿ, ಕೊಟ್ಟ ಮಾಹಿತಿ ಸಾಕೇ ಸಾಲದೇ ಎಂದು ಹೇಳುವ ಪ್ರಶ್ನೆಗಳು. ಉದಾಹರಣೆಗೆ, ತಾಂಡೂರಿನ ವ್ಯಾಪಾರಿ ತೊಗರಿ ಮಾರಿ ಶೇಕಡಾ ಎಷ್ಟು ಲಾಭ ಪಡೆದ? ಒಂದನೇ ಹೇಳಿಕೆ: ಕ್ವಿಂಟಲ್‌ಗೆ 700 ರೂಪಾಯಿ ಲಾಭ. ಎರಡನೇ ಹೇಳಿಕೆ: ಕ್ವಿಂಟಲ್‌ಗೆ 7,700 ರೂಪಾಯಿಗೆ ಮಾರಿದ. ಯಾವ ಒಂದರಿಂದಲೂ ಆಗದು, ಎರಡೂ ಸೇರಿದರೆ ಕೊಂಡ ಬೆಲೆ ತಿಳಿಯುತ್ತದೆ. ಅಲ್ಲಿಗೆ ಉತ್ತರ ಮುಗಿಯಿತು. ಶೇ. 10 ಎಂದು ಲೆಕ್ಕ ಹಾಕುತ್ತ ಕುಳಿತವರು ಸಮಯ ಕಳೆದುಕೊಳ್ಳುತ್ತಾರೆ.

ಇನ್ನು ಕನ್ನಡ ಮಾಧ್ಯಮದಲ್ಲಿ ಓದಿದವರ ವಿಷಯ. ಐಸೆಟ್‌ನ ಮೊದಲ ಎರಡು ವಿಭಾಗಗಳು ಇಂಗ್ಲಿಷ್ ಜತೆಗೆ ತೆಲುಗಿನಲ್ಲೂ ಇರುತ್ತವೆ, ಕನ್ನಡದಲ್ಲಿ ಇಲ್ಲ. ಲೆಕ್ಕ ಬರುವ ಹುಡುಗನಿಗೂ ಪ್ರಶ್ನೆಯ ಪದ ತಿಳಿಯದೆ ಅಂಕ ಹೋಗುತ್ತದೆ. ಇದಕ್ಕೆ ಮೂರು ಕಾಲಂ ಹಾಕಿದ ಒಂದು ನೋಟ್‌ಬುಕ್ ಸಾಕು: ಕನ್ನಡ, ತೆಲುಗು, ಇಂಗ್ಲಿಷ್. ನಮ್ಮ ಲ.ಸಾ.ಅ. ತೆಲುಗಿನಲ್ಲಿ ಕ.ಸಾ.ಗು., ಇಂಗ್ಲಿಷಿನಲ್ಲಿ ಎಲ್‌ಸಿಎಂ. ನಮ್ಮ ಮ.ಸಾ.ಅ. ಅಲ್ಲಿ ಗ.ಸಾ.ಭಾ., ಇಂಗ್ಲಿಷಿನಲ್ಲಿ ಎಚ್‌ಸಿಎಫ್. ಶೇಕಡಾಕ್ಕೆ ಶಾತಂ. ಚಕ್ರಬಡ್ಡಿ ಚಕ್ರವಡ್ಡಿ ಆಗುವುದು ಊಹಿಸಿದರೂ ತಿಳಿಯುತ್ತದೆ. ಮೋಸ ಮಾಡುವುದು ಒಂದೇ ರೂಪದ ಪದಗಳು. ಕನ್ನಡದಲ್ಲಿ ಅನುಪಾತ ಎಂದರೆ ರೇಶಿಯೋ; ತೆಲುಗಿನಲ್ಲಿ ರೇಶಿಯೋಗೆ ನಿಷ್ಪತ್ತಿ ಎನ್ನುತ್ತಾರೆ, ಅನುಪಾತಂ ಎಂದರೆ ನಮ್ಮ ಸಮಾನುಪಾತ. ಅಂಥ ಪದಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡಲಿ.

ಪುಸ್ತಕಕ್ಕೆ ದೊಡ್ಡ ಖರ್ಚು ಬೇಡ. ಕರ್ನಾಟಕದ ಪ್ರೌಢಶಾಲಾ ಗಣಿತ ಪಠ್ಯ ಎನ್‌ಸಿಇಆರ್‌ಟಿಯದೇ ಅನುವಾದ. 10ನೇ ತರಗತಿಯ ಕನ್ನಡ ಪುಸ್ತಕವನ್ನೂ ಎನ್‌ಸಿಇಆರ್‌ಟಿ ಇಂಗ್ಲಿಷ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಒಂದೇ ಲೆಕ್ಕ ಎರಡು ಭಾಷೆಯಲ್ಲಿ ಸಿಗುತ್ತದೆ, ಎರಡೂ ಜಾಲತಾಣದಲ್ಲಿ ಉಚಿತ. ತೆಲಂಗಾಣದ ಶಾಲಾ ಪುಸ್ತಕಗಳೂ ಈಗ ತೆಲುಗು, ಇಂಗ್ಲಿಷ್ ಎದುರುಬದುರು ಪುಟಗಳಲ್ಲಿ ಬರುತ್ತವೆ. ಇದರ ಮೇಲೆ ಆರ್. ಎಸ್. ಅಗರ್ವಾಲ್ ಅವರ ಅಂಕಗಣಿತ ಪುಸ್ತಕ ಒಂದು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಒಂದು. ಹಳೆಯದನ್ನೇ ಕೊಂಡರೂ ನಡೆಯುತ್ತದೆ, ಶೇಕಡಾವಾರು ಲೆಕ್ಕ ಹಳತಾಗುವುದಿಲ್ಲ! ಐಸೆಟ್ ಜಾಲತಾಣದ ಮಾಕ್ ಟೆಸ್ಟನ್ನು ಕಂಪ್ಯೂಟರಿನಲ್ಲೇ ಬರೆಯಬೇಕು, ಮೊಬೈಲಿನಲ್ಲಲ್ಲ. ಇಂಗ್ಲಿಷಿಗೆ ದಿನಕ್ಕೊಂದು ಪತ್ರಿಕಾ ಸಂಪಾದಕೀಯ ಓದಿ, ಅದರ ಸಾರವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲಿ. ವ್ಯಾಪಾರ ಮತ್ತು ಕಂಪ್ಯೂಟರ್ ಪದಗಳಿಗೇ 10 ಅಂಕ ಇದೆ, ಬಿಕಾಂ ಓದಿದವರಿಗೆ ಅದು ಸುಲಭದ ಅಂಕ.

ಕೋಚಿಂಗ್‌ಗೆ ಹೈದರಾಬಾದಿನಲ್ಲಿ ರೂಮು ಮಾಡಿ ಇರಲೇಬೇಕೇ? ಹತ್ತನೇ ತರಗತಿಯ ಗಣಿತ ಗಟ್ಟಿಯಿದ್ದವರಿಗೆ ಐಸೆಟ್ ಮಟ್ಟಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಕ್ಯಾಟ್ ಗುರಿ ಇದ್ದರೆ ಅದು ಬೇರೆ ಮಾತು. ಕ್ಯಾಟ್ ನವೆಂಬರಿನಲ್ಲಿ, ಐಸೆಟ್ ಸಾಮಾನ್ಯವಾಗಿ ಮೇ-ಜೂನ್ ಸುಮಾರಿಗೆ.

ಕೊನೆಗೆ ಕಾಗದಪತ್ರ. ನಮ್ಮಲ್ಲಿ ಅನೇಕರು ಪದವಿಗೆ ಬೀದರ್‌ಗೆ ಹೋಗುತ್ತಾರೆ. ತೆಲಂಗಾಣದಲ್ಲಿ ಶೇ. 85 ಸೀಟು ಸ್ಥಳೀಯರಿಗೆ, ಮತ್ತು ಸ್ಥಳೀಯರು ಯಾರು ಎಂಬುದು ಹಿಂದಿನ ವರ್ಷಗಳಲ್ಲಿ ಎಲ್ಲಿ ಓದಿದರು, ಎಲ್ಲಿ ವಾಸವಿದ್ದರು ಎಂಬುದರ ಮೇಲೆ ನಿಲ್ಲುತ್ತದೆ. ಕರ್ನಾಟಕದ ಕಡೆ ಕೆಇಎ ಅರ್ಹತಾ ಷರತ್ತುಗಳಲ್ಲಿ ಹೊರನಾಡು, ಗಡಿನಾಡು ಕನ್ನಡಿಗರ ಮಾತು ಬರುತ್ತದೆ. ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನಿಮ್ಮ ತಾಲ್ಲೂಕು, ನಿಮ್ಮ ಕೋರ್ಸು ಅದರಡಿ ಬರುತ್ತವೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ. ಓದಿದ ಪ್ರತಿ ಶಾಲೆ, ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಡಿ. ವಾಸ, ಆದಾಯ, ಜಾತಿ ಪ್ರಮಾಣಪತ್ರಗಳಿಗೆ ಮೀಸೇವಾದಲ್ಲಿ ಅರ್ಜಿ ಹಾಕಿ. ಕೌನ್ಸೆಲಿಂಗ್ ದಿನ ಗೊತ್ತಾದ ಮೇಲೆ ಹೊರಟರೆ ಅಲ್ಲಿ ಸಾಲು ಉದ್ದ ಇರುತ್ತದೆ.