ಪೆಟ್ಟಿಗೆಯೊಳಗಿನ ಮಾಲ್ಗುಡಿ

ಪಾವಗಡದಲ್ಲಿ ಬಹುಕಾಲ ಕಡಲೆಕಾಯಿಯ ವ್ಯಾಪಾರವನ್ನು ನಡೆಸಿದ ನಮ್ಮ ದೊಡ್ಡಪ್ಪನವರು ಚೀಲದ ಬಾಯಿ ಬಿಚ್ಚಿದೊಡನೆ ಮೇಲಿನ ಕಾಯಿಗಳ ಕಡೆಗೆ ಕಣ್ಣನ್ನೇ ಹಾಯಿಸುತ್ತಿರಲಿಲ್ಲ. ಮೊಳಕೈಯವರೆಗೆ ಕೈಯನ್ನು ಒಳಕ್ಕೆ ಇಳಿಸಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಬಳಿ ಅಲ್ಲಾಡಿಸಿ, ನಾಲ್ಕಾರನ್ನು ಹೆಬ್ಬೆರಳಿನಿಂದ ಒಡೆದು, ಕಾಳು ತುಂಬಿದೆಯೋ ಜೊಳ್ಳೋ, ಒಣಗಿದೆಯೋ ಹಸಿಯೋ ಎಂಬುದನ್ನು ನಿಶ್ಚಯಿಸಿಕೊಂಡ ತರುವಾಯವೇ ಧಾರಣೆಯ ಮಾತನ್ನು ಎತ್ತುತ್ತಿದ್ದರು. ಅಂಥವರು ಕಳೆದ ಬೇಸಗೆಯಲ್ಲೊಂದು ದಿನ, ಪರಿಚಿತ ಅಂಗಡಿಯವನೊಬ್ಬನಿಂದ ನೋಡಿ ಹೇಳುವೆನೆಂದು ತಂದಿದ್ದ ಎರಡು ಡಿವಿಡಿ ಪೆಟ್ಟಿಗೆಗಳನ್ನು ಕೈಚೀಲದಲ್ಲಿ ಇಟ್ಟುಕೊಂಡು ಮಧುಗಿರಿಯ ನಮ್ಮ ಮನೆಗೆ ಬಂದರು. "ಏನಪ್ಪಾ, ಎರಡ್ರ ಮೇಲೂ ಅದೇ ಹುಡುಗನ ಚಿತ್ರ ಐತೆ, ಅದೇ ಹೆಸರೈತೆ. ಒಂದಕ್ಕೆ ಇನ್ನೊಂದರ ಕಾಲುಭಾಗ ಬೆಲೆ ಹೇಳ್ತಾನೆ. ಯಾವುದ್ರಾಗೆ ಕಾಳೈತೆ, ಯಾವುದ್ರಾಗೆ ಜೊಳ್ಳೈತೆ, ಸ್ವಲ್ಪ ನೋಡು" ಎಂದರು. ಅಮೆರಿಕದಲ್ಲಿರುವ ಮಗಳು ತಾನು ಬಾಲ್ಯದಲ್ಲಿ ಕಂಡ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ತನ್ನ ಮಕ್ಕಳಿಗೆ ತೋರಿಸಬೇಕೆಂದು ಕೇಳಿದ್ದಳಂತೆ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ೧೯೮೧ರ ನವೆಂಬರ್ ೧ರಂದು ಆರಂಭವಾಯಿತು, ಮರುವರ್ಷವೇ ಭಾರತದ ದೂರದರ್ಶನಕ್ಕೆ ಬಣ್ಣ ಬಂದಿತು, ೧೯೮೬ರಲ್ಲಿ ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಅವರು ನಿರ್ದೇಶಿಸಿ, ಟಿ.ಎಸ್. ನರಸಿಂಹನ್ ಅವರು ನಿರ್ಮಿಸಿ, ಆರ್.ಕೆ. ಲಕ್ಷ್ಮಣರ ರೇಖೆಗಳೊಡನೆಯೂ ಎಲ್. ವೈದ್ಯನಾಥನ್ ಅವರ ಸಂಗೀತದೊಡನೆಯೂ ಆ ಕಿರುತೆರೆಯ ಮೇಲೆ ತಂದಾಗ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಒಳಗೊಂಡ ನಮ್ಮ ಸೀಮೆಯಲ್ಲಿ ಟಿವಿ ಇದ್ದ ಮನೆಯ ಪಡಸಾಲೆಯು ಊರಿನ ಪಡಸಾಲೆಯೇ ಆಗಿಬಿಡುತ್ತಿದ್ದಿತು. ಬಾಯಲ್ಲಿ ಕನ್ನಡ, ಕಿವಿಯಲ್ಲಿ ತೆಲುಗು ಇದ್ದ ಈ ಜನಕ್ಕೆ ಧಾರಾವಾಹಿಯ ಹಿಂದಿಯು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್, ತಂದೆಯಾಗಿದ್ದ ಗಿರೀಶ ಕಾರ್ನಾಡ, ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿ, ಬೇರೆ ಬೇರೆ ಕಥೆಗಳಲ್ಲಿ ಬಂದುಹೋದ ಅನಂತ್ ನಾಗ್, ವಿಷ್ಣುವರ್ಧನ್ ಇವರೆಲ್ಲ ನಮ್ಮವರೇ ಆಗಿದ್ದುದರಿಂದ, ಭಾಷೆಯು ಅಡ್ಡಿಯಾಗಲಿಲ್ಲ. ಅದಕ್ಕಿಂತ ಮಿಗಿಲಾಗಿ, ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಚಿತ್ರಿತವಾದ ಆ ತೊಯ್ದ ಬೀದಿಗಳನ್ನೂ ಹೆಂಚಿನ ಮಾಡುಗಳನ್ನೂ, ಮೋಡವು ಬಂದರೂ ಮಳೆಯು ಬಾರದೆ ಹೋಗುವ ಬರದ ಸೀಮೆಯವರಾದ ನಾವು ಕಥೆಗಿಂತಲೂ ಹೆಚ್ಚಿನ ಆಸೆಯಿಂದ ನೋಡುತ್ತಿದ್ದೆವು. ಇಂಥ ಸ್ಮರಣೆಯನ್ನು ಪೆಟ್ಟಿಗೆಯಲ್ಲಿಟ್ಟು ಮಾರುವವನು ನಮ್ಮ ಅಭಿಮಾನವನ್ನೇ ಬಂಡವಾಳ ಮಾಡಿಕೊಂಡಿರುತ್ತಾನಾದುದರಿಂದ, ಕೊಳ್ಳುವವನು ಅಭಿಮಾನವನ್ನು ಕ್ಷಣಕಾಲ ಬದಿಗಿರಿಸಿ ಲೆಕ್ಕ ಹಾಕುವುದು ಒಳಿತು.

ಮೊದಲನೆಯದು ಎಣಿಕೆಯ ಲೆಕ್ಕ. ದೊಡ್ಡಪ್ಪನವರು ತಂದ ಎರಡು ಪೆಟ್ಟಿಗೆಗಳ ಮೇಲೂ 'ಸಂಪೂರ್ಣ' ಎಂದೇ ಅಚ್ಚಾಗಿದ್ದಿತು. ಆದರೆ ಯಾವುದರ ಸಂಪೂರ್ಣ? ಶಂಕರ್ ನಾಗ್ ನಿರ್ದೇಶಿಸಿದ ಕಂತುಗಳು ೩೯. ಅವರು ೧೯೯೦ರಲ್ಲಿ ಅಕಾಲಮರಣಕ್ಕೆ ಈಡಾದ ಎಷ್ಟೋ ವರ್ಷಗಳ ಮೇಲೆ, ೨೦೦೬ರಲ್ಲಿ, ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇನ್ನೂ ೧೫ ಕಂತುಗಳು ಬಂದವು. ಹೀಗೆ ಒಟ್ಟು ೫೪. ಮೂವತ್ತೊಂಬತ್ತು ಇರುವ ಪೆಟ್ಟಿಗೆಯು ಒಂದರ್ಥದಲ್ಲಿ ಪೂರ್ಣವೇ. ಇಪ್ಪತ್ತಾರು ಇರುವುದು ಯಾವ ಅರ್ಥದಲ್ಲಿಯೂ ಅಲ್ಲ. ಎಣಿಸುವಾಗಲೇ ಭಾಷೆಯನ್ನೂ ವಿಚಾರಿಸತಕ್ಕದ್ದು: ಮೊದಲ ೧೩ ಕಂತುಗಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ತಯಾರಾದವು, ಮಿಕ್ಕವು ಹಿಂದಿಯಲ್ಲಿ. ಹಿಂದಿಯೇ ತಿಳಿಯದ ಮೊಮ್ಮಕ್ಕಳಿಗಾಗಿ ಕೊಳ್ಳುವವನು ಕೆಳಗೆ ಅಕ್ಷರರೂಪದ ಸಂಭಾಷಣೆ, ಎಂದರೆ ಸಬ್‌ಟೈಟಲ್, ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳದಿದ್ದರೆ, ಪೆಟ್ಟಿಗೆಯು ಕಪಾಟಿನ ಅಲಂಕಾರವಾಗಿ ಉಳಿದೀತು.

ಎರಡನೆಯದು ಪಾತ್ರೆಯ ಲೆಕ್ಕ. ಸೇರಿನಲ್ಲಿ ಖಂಡುಗವನ್ನು ತುಂಬಲಾಗದಂತೆ, ಒಂದು ಡಿವಿಡಿ ಬಿಲ್ಲೆಯೊಳಗೂ ಇಷ್ಟೇ ಹಿಡಿಸುವುದೆಂಬ ಮಿತಿಯುಂಟು: ಒಂದು ಪದರದ ಬಿಲ್ಲೆಗೆ ೪.೭ ಗಿಗಾಬೈಟ್, ಎರಡು ಪದರದ್ದಕ್ಕೆ ೮.೫. ಚಿತ್ರವು ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಸೆಕೆಂಡಿಗೆ ಸುಮಾರು ೫೦ ಲಕ್ಷ ಬಿಟ್‌ಗಳಷ್ಟು ಮಾಹಿತಿಯನ್ನಾದರೂ ಕೊಡಬೇಕು. ಆ ದರದಲ್ಲಿ ಒಂದು ಪದರದ ಬಿಲ್ಲೆಯು ಎರಡು ಗಂಟೆಗೆ ತುಂಬಿಹೋಗುತ್ತದೆ. ಒಂದು ಕಂತಿಗೆ ೨೨ ನಿಮಿಷವೆಂದು ಹಿಡಿದರೆ ಬಿಲ್ಲೆಗೆ ಐದು ಕಂತು. ಮೂವತ್ತೊಂಬತ್ತಕ್ಕೆ ಎಂಟು ಬಿಲ್ಲೆ, ಎರಡು ಪದರದವಾದರೆ ನಾಲ್ಕು. ದೊಡ್ಡಪ್ಪನವರ ಅಗ್ಗದ ಪೆಟ್ಟಿಗೆಯಲ್ಲಿ ಮೂವತ್ತೊಂಬತ್ತು ಕಂತುಗಳೂ ಇದ್ದುವು, ನಿಜ. ಆದರೆ ಒಂದು ಪದರದ ಎರಡೇ ಬಿಲ್ಲೆಗಳಲ್ಲಿ ಇದ್ದುವು. ಹದಿನಾಲ್ಕು ಗಂಟೆಗೂ ಮೀರಿದ ಚಿತ್ರವನ್ನು ಹಾಗೆ ಒತ್ತಿ ತುಂಬಿದಾಗ ಸೆಕೆಂಡಿಗೆ ೧೫ ಲಕ್ಷ ಬಿಟ್ ಸಹ ದೊರೆಯುವುದಿಲ್ಲ. ಅದು ಹಳೆಯ ವಿಸಿಡಿಯ ೧೧.೫ ಲಕ್ಷಕ್ಕೆ ನೆರೆಯೇ ಹೊರತು ಡಿವಿಡಿಯ ಅಂತಸ್ತಿಗೆ ಏರಿದುದಲ್ಲ. ಪರಿಣಾಮವನ್ನು ಮಳೆಯ ದೃಶ್ಯದಲ್ಲಿಯೇ ಕಾಣಬಹುದು: ಪ್ರತಿಯೊಂದು ಹನಿಯೂ ಹೊಸ ಚಲನೆಯಾದುದರಿಂದ ಮಾಹಿತಿ ಸಾಲದೆ, ಆಗುಂಬೆಯ ಸೋನೆಯು ಚದುರ ಚದುರ ಇಟ್ಟಿಗೆಗಳಾಗಿ ಒಡೆದು ಬೀಳುತ್ತದೆ. ಪೆಟ್ಟಿಗೆಯನ್ನು ತೆರೆಯುವ ಮೊದಲೇ, ಕಂತುಗಳ ಸಂಖ್ಯೆಯನ್ನು ಬಿಲ್ಲೆಗಳ ಸಂಖ್ಯೆಯಿಂದ ಭಾಗಿಸಿದ ಮಾತ್ರಕ್ಕೆ ಅರ್ಧ ಸತ್ಯವು ಹೊರಬೀಳುವುದು.

ಇದೇ ಭಾಗಾಕಾರವು ಇನ್ನೊಂದು ಸಂಗತಿಯನ್ನೂ ವಿಶದಪಡಿಸುತ್ತದೆ. ಮಧುಗಿರಿಗೆ ಹೊಂದಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನವರಾದ ಟಿ.ಎನ್. ಸೀತಾರಾಮ್ ಅವರು, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡಗೂಡಿ ನಿರ್ದೇಶಿಸಿ ೧೯೯೮ರಲ್ಲಿ ತೆರೆಗೆ ತಂದ 'ಮಾಯಾಮೃಗ'ದಂತಹ ದೈನಿಕ ಧಾರಾವಾಹಿಗಳು ನೂರಾರು ಕಂತುಗಳಷ್ಟು ಬೆಳೆಯುವುವು. ನೂರು ಕಂತಿಗೆ ಇಪ್ಪತ್ತು ಬಿಲ್ಲೆಯಂತೆ ಲೆಕ್ಕ ಹಾಕಿದರೆ ಅಂತಹ ಕೃತಿಗೆ ಪೆಟ್ಟಿಗೆಯಲ್ಲ, ಪೆಟಾರಿಯೇ ಬೇಕಾದೀತು. ಮಿತವಾದ ಕಂತುಗಳ ವಾರದ ಧಾರಾವಾಹಿಯೇ ಈ ಮಾಧ್ಯಮಕ್ಕೆ ಸಹಜವಾಗಿ ಒದಗತಕ್ಕದ್ದು.

ಮೂರನೆಯದು ಮೂಲದ ವಿಚಾರ. ಬಾವಿಯಲ್ಲಿ ಇಲ್ಲದ ನೀರು ಕೊಡದಲ್ಲಿ ಬಾರದು. ಮೂಲಪ್ರತಿಯಲ್ಲಿ ಇಲ್ಲದ ಸ್ಪಷ್ಟತೆಯು ಡಿವಿಡಿಯಲ್ಲಿಯೂ ಬಾರದು. ಅಮೆರಿಕದ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಯನ್ನು ೧೯೫೧ರಷ್ಟು ಹಿಂದೆಯೇ ೩೫ ಮಿಲಿಮೀಟರ್ ಫಿಲ್ಮಿನ ಮೇಲೆ ಮೂರು ಕ್ಯಾಮೆರಾಗಳಿಂದ ಚಿತ್ರಿಸಿದ್ದರಿಂದ, ಅದರ ಹಳೆಯ ಕಂತುಗಳು ಇಂದಿಗೂ ನಿಚ್ಚಳವಾಗಿ ಕಾಣುತ್ತವೆ. ಅದಕ್ಕಿಂತ ಬಹುಕಾಲ ತರುವಾಯ ವಿಡಿಯೋ ಟೇಪಿನ ಮೇಲೆ ಹುಟ್ಟಿದ ಎಷ್ಟೋ ಕಾರ್ಯಕ್ರಮಗಳು ಮಸುಕಾಗಿ ಕಾಣುತ್ತವೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಪದ್ಧತಿಯು ಲೋಕದ ದೊಡ್ಡ ಸಂಸ್ಥೆಗಳಲ್ಲಿಯೂ ಇದ್ದು, ಬ್ರಿಟನ್ನಿನ ಬಿಬಿಸಿಯು 'ಡಾಕ್ಟರ್ ಹೂ' ಧಾರಾವಾಹಿಯ ಆರಂಭಕಾಲದ ಅನೇಕ ಕಂತುಗಳನ್ನು ಕಳೆದುಕೊಂಡುದು ಈ ಬಗೆಯಿಂದಲೇ. ಆದುದರಿಂದ ಉತ್ತಮ ಮೂಲದಿಂದ ತೆಗೆದ ಪ್ರತಿಗೂ, ಯಾರೋ ಮನೆಯಲ್ಲಿ ವಿಸಿಆರ್ ಹಚ್ಚಿ ಹಿಡಿದಿಟ್ಟ ಪ್ರತಿಗೂ ಇರುವ ಅಂತರವನ್ನು ಗುರುತಿಸಲು ಕಲಿಯಬೇಕು. ಚಿತ್ರದ ಮೂಲೆಯಲ್ಲಿ ಚಾನೆಲಿನ ಲಾಂಛನ, ಕೆಳ ಅಂಚಿನಲ್ಲಿ ನಡುಗುವ ಪಟ್ಟಿ, ಕೆಂಪು ಸೀರೆಯ ಬಣ್ಣವು ಸೀರೆಯ ಅಂಚನ್ನು ಮೀರಿ ಹರಡಿಕೊಳ್ಳುವುದು, ಇವು ಮೂರೂ ಎರಡನೆಯ ಪ್ರತಿಯ ಲಕ್ಷಣಗಳು.

ಮೂಲವು ಒಳ್ಳೆಯದಿದ್ದೂ ಕೈಚಳಕದಿಂದ ಕೆಡುವುದುಂಟು. ಆ ಕಾಲದ ಟಿವಿಯ ಚೌಕಟ್ಟಿನ ಅಗಲಕ್ಕೂ ಎತ್ತರಕ್ಕೂ ಇದ್ದ ಪ್ರಮಾಣವು ನಾಲ್ಕಕ್ಕೆ ಮೂರು; ಇಂದಿನ ಅಗಲ ಟಿವಿಯದು ಹದಿನಾರಕ್ಕೆ ಒಂಬತ್ತು. ಪರದೆಯ ಎರಡು ಬದಿಗಳಲ್ಲಿ ಕಪ್ಪು ಪಟ್ಟಿಗಳು ಉಳಿದರೆ ಗಿರಾಕಿಯು ಮುನಿದಾನೆಂದು ಹೆದರಿ, ಚಿತ್ರವನ್ನು ಹಿಗ್ಗಿಸಿ ಮೇಲೂ ಕೆಳಗೂ ಕತ್ತರಿಸಿದರೆ, ಎತ್ತರದಲ್ಲಿ ಕಾಲು ಪಾಲು ನಷ್ಟವಾಗಿ ತಂದೆಯ ಪೇಟವೂ ಸ್ವಾಮಿಯ ಪಾದಗಳೂ ಹೊರಗುಳಿಯುತ್ತವೆ. ಕತ್ತರಿಸದೆ ಬರಿದೆ ಅಗಲಕ್ಕೆ ಎಳೆದರೆ ಸಣಕಲು ಹುಡುಗನೂ ಸಾಹುಕಾರನಂತೆ ಉಬ್ಬುತ್ತಾನೆ. ಬದಿಯ ಕಪ್ಪು ಪಟ್ಟಿಗಳು ದೋಷವಲ್ಲ, ಪ್ರಾಮಾಣಿಕತೆಯ ಗುರುತು. ಹಾಗೆಯೇ ವೇಗವಾಗಿ ಓಡುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಂಡರೆ, ಸೆಕೆಂಡಿಗೆ ಐವತ್ತು ಅರೆಚಿತ್ರಗಳಾಗಿ ಬರುತ್ತಿದ್ದ ಹಳೆಯ ಟಿವಿಯ ಚಿತ್ರವನ್ನು ಅಜಾಗರೂಕತೆಯಿಂದ ಹೊಲಿದು ಸೇರಿಸಿದ್ದಾರೆಂದು ತಿಳಿಯತಕ್ಕದ್ದು. ಕಿವಿಯನ್ನೂ ಮರೆಯಬಾರದು. ಅಮೆರಿಕದ 'ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ' ಎಂಬ ಧಾರಾವಾಹಿಯು ೨೦೦೭ರಲ್ಲಿ ಡಿವಿಡಿಯಾದಾಗ, ಹಾಡುಗಳ ಹಕ್ಕಿನ ತೊಡಕಿನಿಂದ ಮೂಲಗೀತೆಗಳಲ್ಲಿ ಅನೇಕವನ್ನು ತೆಗೆದು ಬೇರೆ ಸಂಗೀತವನ್ನು ಕೂಡಿಸಿದರೆಂದು ಅಭಿಮಾನಿಗಳು ಕನಲಿದರು. ವೈದ್ಯನಾಥನ್ ಅವರ ಆ ಆರಂಭದ ರಾಗವು ಪ್ರತಿ ಕಂತಿನ ಮೊದಲಲ್ಲಿ ಇಲ್ಲದಿದ್ದರೆ, ಅದು ಮಾಲ್ಗುಡಿಗೆ ಹೋಗುವ ರೈಲು ಅಲ್ಲ.

ಇನ್ನು ಬಿಲ್ಲೆಯ ದೇಹಪರೀಕ್ಷೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಿಲ್ಲೆಯ ಬೆನ್ನು ಬೆಳ್ಳಿಯಂತೆ, ಎರಡು ಪದರದ್ದಾದರೆ ತುಸು ಹೊಂಬಣ್ಣವಾಗಿ ಹೊಳೆಯುವುದು. ಕಂಪ್ಯೂಟರಿನಲ್ಲಿ ಬರೆದ ಬಿಲ್ಲೆಯಲ್ಲಿ ನೇರಳೆಯ ಛಾಯೆ ತೋರುವುದು ಸಾಮಾನ್ಯ. ಈ ನೇರಳೆಯು ಒಂದು ಜಾತಿಯ ವರ್ಣದ್ರವ್ಯ. ಬರಹವೆಲ್ಲ ಅದರಲ್ಲಿಯೇ ಇರುವುದರಿಂದ, ಬಿಸಿಲು ಅದರ ಶತ್ರು. ಪಾವಗಡದ ತಿರುಮಣಿಯ ಸುತ್ತ ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಡೆಸುವ ಬಿಸಿಲಿಗೆ, ಕಿಟಕಿಯ ಬಳಿ ಮರೆತಿಟ್ಟ ಒಂದು ಬಿಲ್ಲೆಯ ಬಣ್ಣವನ್ನು ಮಾಸಿಸುವುದು ಎಷ್ಟರ ಕೆಲಸ? ಅಚ್ಚೊತ್ತಿದ ಬಿಲ್ಲೆಯ ನಡುರಂಧ್ರದ ಸುತ್ತಲಿನ ಉಂಗುರವನ್ನು ಬೆಳಕಿಗೆ ಹಿಡಿದರೆ, ಐಎಫ್‌ಪಿಐ ಎಂಬ ಅಕ್ಷರಗಳಿಂದ ಮೊದಲಾಗುವ ಸಣ್ಣ ಸಂಕೇತವು ಬಹುಮಟ್ಟಿಗೆ ಕಾಣಸಿಗುವುದು. ಅದು ಕಾರ್ಖಾನೆಯ ಗುರುತು. ಗೀರುಗಳಲ್ಲಿಯೂ ತಾರತಮ್ಯವುಂಟು: ನಡುವಿನಿಂದ ಅಂಚಿಗೆ ಹೋದ ಗೀರನ್ನು ಯಂತ್ರವು ತನ್ನ ತಪ್ಪುತಿದ್ದುವ ಗಣಿತದಿಂದ ದಾಟಿಬಿಡಬಲ್ಲುದು; ಸುತ್ತುಸುತ್ತಾಗಿ ಬಿದ್ದ ಗೀರು ಬರಹದ ಜಾಡಿನುದ್ದಕ್ಕೂ ಅಳಿಸುತ್ತ ಹೋಗುವುದರಿಂದ ಅದನ್ನು ದಾಟುವುದು ಕಷ್ಟ. ಒರೆಸುವಾಗಲೂ ಈ ಕಾರಣದಿಂದಲೇ ಮೆತ್ತನೆಯ ಬಟ್ಟೆಯನ್ನು ನಡುವಿನಿಂದ ಅಂಚಿಗೆ ಎಳೆಯಬೇಕಲ್ಲದೆ, ತಟ್ಟೆ ತೊಳೆದಂತೆ ಸುತ್ತಿಸಬಾರದು.

ಅಮೆರಿಕಕ್ಕೆ ಕಳುಹಿಸುವವರಿಗೆ ಮತ್ತೊಂದು ಗಂಟು. ಲೋಕವನ್ನು ಡಿವಿಡಿ ತಯಾರಕರು ವಲಯಗಳಾಗಿ ಹಂಚಿಕೊಂಡಿದ್ದು, ಭಾರತವು ೫ನೆಯ ವಲಯ, ಅಮೆರಿಕವು ೧ನೆಯದು. ಐದೆಂದು ಬರೆದ ಬಿಲ್ಲೆಯನ್ನು ಅಲ್ಲಿಯ ಪ್ಲೇಯರ್ ನಿರಾಕರಿಸಬಹುದು. ಸೊನ್ನೆ ಅಥವಾ 'ಎಲ್ಲ ವಲಯ' ಎಂದಿದ್ದರೂ, ನಮ್ಮದು ೫೭೬ ಗೆರೆಗಳ ಪಾಲ್ ಪದ್ಧತಿ, ಅವರದು ೪೮೦ ಗೆರೆಗಳ ಎನ್‌ಟಿಎಸ್‌ಸಿ. ಎರಡನ್ನೂ ಓದಬಲ್ಲ ಯಂತ್ರವಾಗಲಿ ಬಿಲ್ಲೆ ಹಾಕುವ ಕಂಪ್ಯೂಟರಾಗಲಿ ಅಲ್ಲಿದೆಯೇ ಎಂದು ಮೊದಲು ವಿಚಾರಿಸುವುದು ಅಂಚೆಯ ಖರ್ಚಿಗಿಂತ ಅಗ್ಗ.

ಇಷ್ಟೆಲ್ಲ ಗುಣವನ್ನು ನೋಡಿದ ಮೇಲೆ ಬೆಲೆ. ಮುದ್ರಣ ನಿಂತುಹೋದ ಪೆಟ್ಟಿಗೆಗೆ ಅಪರೂಪತೆಯ ಬೆಲೆಯೊಂದು ಕೂಡಿಕೊಳ್ಳುವುದು ಸಹಜ. ಸಂಗ್ರಾಹಕನು ಕಾಗದದ ಹೊದಿಕೆಯೂ ಒಳಗಣ ಕಿರುಪುಸ್ತಕವೂ ಮಾಸದಿರುವುದಕ್ಕೆ ಹಣ ಕೊಟ್ಟರೆ ಅದು ಅವನ ಸಂತೋಷ. ನೋಡುವುದಕ್ಕಾಗಿ ಕೊಳ್ಳುವವನಿಗೆ ಬೇಕಾದುದು ಬೇರೆ: ಅಂದು ಪ್ರಸಾರವಾದುದೆಲ್ಲವೂ, ಪ್ರಸಾರವಾದ ಚೌಕಟ್ಟಿನಲ್ಲಿ, ಪ್ರಸಾರವಾದ ಧ್ವನಿಯೊಡನೆ ಇರುವುದು. ಅಂತರ್ಜಾಲದಲ್ಲಿ ಇಂದು ಸುಲಭವಾಗಿ ಸಿಗುವ ಧಾರಾವಾಹಿಯು ಹಕ್ಕು ಕೈಬದಲಾದ ನಾಳೆ ಕಾಣದೆ ಹೋಗಬಹುದಾದ ಕಾಲದಲ್ಲಿ, ಈ ಮೂರನ್ನೂ ಉಳಿಸಿಕೊಂಡ ಪೆಟ್ಟಿಗೆಯು ಹೊದಿಕೆ ಹರಿದಿದ್ದರೂ ಬೆಲೆಯುಳ್ಳದ್ದು. ಉಳಿಸಿಕೊಳ್ಳದ ಪೆಟ್ಟಿಗೆಯು ಬಿಟ್ಟಿ ಸಿಕ್ಕಿದರೂ ದುಬಾರಿ.

ದೊಡ್ಡಪ್ಪನವರಿಗೆ ನಾನು ಇದನ್ನೆಲ್ಲ ಗಿಗಾಬೈಟ್ ಸಮೇತವಾಗಿ ವಿವರಿಸಿ, ಅಗ್ಗದ ಪೆಟ್ಟಿಗೆಯನ್ನು ಬದಿಗಿಟ್ಟು, ಎಂಟು ಬಿಲ್ಲೆಗಳಿದ್ದ ಇನ್ನೊಂದರಿಂದ ಮೊದಲನೆಯದನ್ನು ಯಂತ್ರದೊಳಗೆ ಹಾಕಲು ಹೊರಟೆ. ಅವರು ಕೈ ಅಡ್ಡ ಹಿಡಿದರು. "ಮೇಲಿಂದು ಯಾವನಾದ್ರೂ ಚೆನ್ನಾಗೇ ಇಟ್ಟಿರ್ತಾನೆ. ನಡುವಿಂದು ತೆಗಿ, ಅದ್ರಾಗೂ ಕೊನೇ ಕತೆ ಹಾಕು" ಎಂದರು. ಬಿಲ್ಲೆಯ ಬರಹವು ನಡುವಿನಿಂದ ತೊಡಗಿ ಹೊರ ಅಂಚಿನ ಕಡೆಗೆ ಸಾಗುವುದೆಂದಾಗಲಿ, ಕೈ ತಗುಲಿ ಮಾಸುವ ಆ ಅಂಚಿನಲ್ಲಿಯೇ ದೋಷಗಳು ಮೊದಲು ತಲೆದೋರುವುವೆಂದಾಗಲಿ, ಅಲ್ಲಿ ಬರೆದ ಕೊನೆಯ ಕಂತೇ ಆದುದರಿಂದ ಮೊದಲು ತಡವರಿಸುವುದೆಂದಾಗಲಿ ಅವರಿಗೆ ಯಾರೂ ಹೇಳಿದವರಿಲ್ಲ. ಐದನೆಯ ಬಿಲ್ಲೆಯ ಕೊನೆಯ ಕಂತು ಬಂದಿತು. ಒದ್ದೆ ಬೀದಿ, ಹೆಂಚಿನಿಂದ ಇಳಿಯುವ ನೀರು, ಛತ್ರಿ ಹಿಡಿದು ಹೋಗುವ ಒಬ್ಬಾತ. ಚಿತ್ರವು ಎಲ್ಲಿಯೂ ಒಡೆಯಲಿಲ್ಲ, ಮಳೆಯು ಮಳೆಯಾಗಿಯೇ ಸುರಿಯಿತು. ಕಂತು ಮುಗಿಯುವವರೆಗೆ ತುಟಿ ಬಿಚ್ಚದೆ ಕುಳಿತಿದ್ದವರು ಮೇಲೆದ್ದು, ಪಂಚೆಯನ್ನು ಸರಿಪಡಿಸಿಕೊಂಡು, ಆಗ ಧಾರಣೆಯ ಮಾತನ್ನು ಎತ್ತಿದರು: "ಸರಿ, ಈಗ ಹೇಳು. ಇದಕ್ಕೆ ಎಷ್ಟು ಕೊಡಬೌದು?"